ಹಿರೇಕೆರೂರಿಗೆ ಒಯ್ದ ಪ್ಯಾಕೇಜುಗಳು

ಹಾನಗಲ್ಲಿನ ನಮ್ಮ ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಕೀಲಿಕೈಯನ್ನು ಸವಿತಾಳ ಕೈಗೆ ಕೊಟ್ಟ ದಿನ ಆಕೆ ನನ್ನನ್ನು ಒಂದು ಮಾತು ಕೇಳಿದಳು. ಸವಿತಾ ನನ್ನ ಜಾಗಕ್ಕೆ ಹೊಸದಾಗಿ ಬಂದ ಹುಡುಗಿ.

"ಅಕ್ಕಾರ, ಇಷ್ಟು ವರ್ಷ ಈ ಖೋಲ್ಯಾಗ ಖರೇ ಅಂದ್ರ ಏನ್ ಕೆಲಸ ಇರ್ತಿತ್ರಿ?"

ಚೇಷ್ಟೆಗೆ ಕೇಳಿದ್ದಲ್ಲ. ಈಗಿನ ಕಂಪ್ಯೂಟರು ತನಗೆ ಬೇಕಾದದ್ದನ್ನು ತಾನೇ ತರಿಸಿಕೊಳ್ಳುತ್ತದೆ. ಅದರ ಮುಂದೆ ಒಬ್ಬ ಹೆಂಗಸು ಇಡೀ ನೌಕರಿ ಕಳೆದಳು ಎಂದರೆ ಯಾರಿಗಾದರೂ ಸೋಜಿಗವೇ. "ಇಲ್ಲದ್ದನ್ನ ಹುಡುಕೂದವಾ, ಅದ ಕೆಲಸ," ಅಂದೆ. ಆಕೆ ನಕ್ಕಳು. ನನಗೆ ಮಾತ್ರ ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಆಕೆಗೆ ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಕಿಸಂಖ್ಯೆಯ ಲೆಕ್ಕ ಮಾಡಲು ಒಂದು ತಂತ್ರಾಂಶ ಇದೆ, ಅದರ ಹೆಸರು ಆರ್. ಒಂದೇ ಅಕ್ಷರ. ಯಾರೂ ಪುಕ್ಕಟೆ ಹಾಕಿಕೊಳ್ಳಬಹುದು. ಆದರೆ ಅದೊಂದೇ ಇದ್ದರೆ ಕೆಲಸ ಸಾಗುವುದಿಲ್ಲ. ಒಂದೊಂದು ಲೆಕ್ಕಕ್ಕೆ ಒಂದೊಂದು ಪ್ಯಾಕೇಜು, ಅಂದರೆ ಆರ್‌ಗೆ ಜೋಡಿಸುವ ಸಣ್ಣ ತಂತ್ರಾಂಶ, ಬೇಕು. ಅವನ್ನು ಲೋಕದ ಯಾವ್ಯಾವುದೋ ಮೂಲೆಯ ಜನ ಬರೆದಿರುತ್ತಾರೆ. ಆ ಪ್ಯಾಕೇಜು ಇನ್ನೊಂದರ ಮೇಲೆ ನಿಂತಿರುತ್ತದೆ, ಅದು ಮತ್ತೊಂದರ ಮೇಲೆ. ನಡುವಿನ ಒಂದು ಇಲ್ಲದಿದ್ದರೂ ‘ಆ ಹೆಸರಿನ ಪ್ಯಾಕೇಜು ಇಲ್ಲ’ ಎಂದು ಪರದೆಯ ಮೇಲೆ ಸಾಲು ಮೂಡಿ ಎಲ್ಲಾ ನಿಂತುಬಿಡುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಊರುಗಳಲ್ಲಿದ್ದ ನಮ್ಮ ಸಂಸ್ಥೆಯ ಕಾಲೇಜುಗಳಲ್ಲಿ ಆ ಸಾಲು ಮೂಡಿದಾಗಲೆಲ್ಲ ಹೋಗುತ್ತಿದ್ದವಳು ನಾನು.

ಇದನ್ನು ನಮ್ಮ ಕಡೆ ತಂದವರು ಕುಬಸದ ಸರ್, ಹಾನಗಲ್ಲಿನ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರು. ಸಣ್ಣ ಆಳು, ದೊಡ್ಡ ದನಿ. ಲ್ಯಾಬಿಗೆ ಬಂದರೆ ಮೊದಲು ಫ್ಯಾನು ಹಾಕುವರು, ಆಮೇಲೆ ನನ್ನನ್ನು ಬೈಯುವರು, ಆಮೇಲೆ ಚಹಾ ತರಿಸುವರು. ನಾನು ಓದಿದ್ದು ಪಿಯುಸಿ ಮತ್ತು ಒಂದು ಕಂಪ್ಯೂಟರ್ ಕೋರ್ಸು. "ಸರ್, ನನಗ ಸಂಖ್ಯಾಶಾಸ್ತ್ರ ತಿಳಿಯೂದಿಲ್ರಿ," ಅಂದರೆ, "ನನಗ ಕಂಪ್ಯೂಟರ್ ತಿಳಿಯೂದಿಲ್ಲ ಮಹಾದೇವಿ. ಇಬ್ರೂ ಕೂಡಿದ್ರ ಒಬ್ಬ ಶಾಣ್ಯಾ ಮನಶಾ ಆಗ್ತಾನು," ಅನ್ನುತ್ತಿದ್ದರು.

ಆಗ ಇಂಟರ್ನೆಟ್ಟು ಹಾನಗಲ್ಲಿನಲ್ಲಿ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ. ಉಳಿದ ಊರುಗಳಿಗೆ ನಾನು ಇಲ್ಲಿ ಪ್ಯಾಕೇಜು ಇಳಿಸಿಕೊಂಡು, ಪೆನ್ ಡ್ರೈವಿನಲ್ಲಿ ತುಂಬಿ, ಬುತ್ತಿಯ ಜೊತೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಬೇಕಾಗಿತ್ತು.

ಮೊದಲ ಸಲ ಹೋದದ್ದು ಹಿರೇಕೆರೂರಿಗೆ. ಅಲ್ಲಿ ಸಂಖ್ಯಾಶಾಸ್ತ್ರ ಕಲಿಸುವವರು ಗಿರಿಜಾ ಮೇಡಂ, ಮಾಸೂರಿನ ರೈತರ ಮನೆಯ ಮಗಳು, ನನಗಿಂತ ಸಣ್ಣವರು. ಭತ್ತದ ಇಳುವರಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಅವರಿಗೆ ಒಂದು ಪ್ಯಾಕೇಜು ತುರ್ತು ಬೇಕಿತ್ತು. ದಾರಿಯಲ್ಲಿ ಸಿಗುವ ಅಕ್ಕಿಆಲೂರಿನಲ್ಲಿ ಸಂತೆಯ ದಿನ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಕಾಲ ಬುಡದಲ್ಲಿ ಯಾರದೋ ಕೋಳಿ. ಚಿಕ್ಕೇರೂರಿನ ತನಕ ನಿಂತೇ ಹೋದೆ. ಹೋಗಿ ಪೆನ್ ಡ್ರೈವು ಚುಚ್ಚಿ ಹಾಕಿದರೆ, ಇನ್ನೊಂದು ಪ್ಯಾಕೇಜು ಇಲ್ಲ ಅಂದಿತು.

"ಅದೂ ತಂದೀರೇನ್ರಿ ಅಕ್ಕಾ?"

"ಇಲ್ರಿ ಮೇಡಂ. ಅದು ಬೇಕಾಗ್ತದಂತ ಗೊತ್ತಿರಲಿಲ್ಲ."

ಮರುವಾರ ಅದನ್ನು ಒಯ್ದೆ. ಅದು ಮತ್ತೊಂದನ್ನು ಕೇಳಿತು. ಮೂರನೆಯ ಸಲ ಸಿಕ್ಕಿದ್ದೆಲ್ಲ ತುಂಬಿಕೊಂಡು ಹೋದೆ. ಆಗ ತಿಳಿದದ್ದು ಏನೆಂದರೆ, ಅವರ ಕಂಪ್ಯೂಟರಿನಲ್ಲಿದ್ದ ಆರ್ ಹಳೆಯದು, ನಾನು ಒಯ್ದ ಪ್ಯಾಕೇಜುಗಳು ಹೊಸ ಆರ್‌ಗೆ ಮಾಡಿದವು. ಒಂದೂ ಏಳಲಿಲ್ಲ. ನನಗೆ ಅಳುವೇ ಬಂತು. ಗಿರಿಜಾ ಮೇಡಂ ಮುಖ ಸಣ್ಣದಾಗಿತ್ತು, ಆದರೂ ಡಬ್ಬಿ ಬಿಚ್ಚಿ ಒಂದು ರೊಟ್ಟಿ ನನ್ನ ಮುಂದೆ ಇಟ್ಟರು. "ಉಣ್ರಿ ಮೊದಲ. ಕಂಪ್ಯೂಟರ್ ಉಪವಾಸ ಐತಂತ ನಾವ್ಯಾಕ ಉಪವಾಸ ಇರೂದು?" ಬದನೆಕಾಯಿ ಪಲ್ಯ, ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ. ಆ ರುಚಿ ಈಗಲೂ ನಾಲಿಗೆಯ ಮೇಲಿದೆ. ನಾಲ್ಕನೆಯ ಸಲ ಹೊಸ ಆರ್ ಅನ್ನೇ ಒಯ್ದು ಹಾಕಿದೆ. ಪ್ಯಾಕೇಜು ಎದ್ದಿತು. ಹೊಸದಾಗಿ ಕೆಲಸಕ್ಕೆ ಬರುವವರಿಗೆ ಹೇಳುವುದಿಷ್ಟು, ಯಾರಾದರೂ ‘ಪ್ಯಾಕೇಜು ಬರವಲ್ದು’, ಬರಲು ಒಲ್ಲದು, ಅಂದರೆ ಮೊದಲು ‘ನಿಮ್ಮಲ್ಲಿರೋದು ಯಾವ ಆವೃತ್ತಿ’ ಅಂತ ಕೇಳಿ, ಆಮೇಲೆ ಬಸ್ಸು ಹತ್ತಿ.

ಅಲ್ಲಿಂದ ಮುಂದೆ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ಅವರು ಪರದೆಯ ಮೇಲೆ ಬಂದದ್ದನ್ನು ಫೋನಿನಲ್ಲಿ ಓದಬೇಕು, ನಾನು ಬರೆದುಕೊಳ್ಳಬೇಕು. ಪ್ಯಾಕೇಜುಗಳ ಹೆಸರು ಅರ್ಥವಿಲ್ಲದ ಅಕ್ಷರಗಳು, ಲೈನಿನಲ್ಲಿ ಗರಗರ ಸದ್ದು. ಬಿ ಅಂದರೆ ಡಿ ಕೇಳಿಸುತ್ತಿತ್ತು. ಅದಕ್ಕೆ ಗಿರಿಜಾ ಮೇಡಂ ತಮ್ಮದೇ ಒಂದು ಅಕ್ಷರಮಾಲೆ ಕಟ್ಟಿದರು. "ಬರಕೋರಿ ಅಕ್ಕಾ. ಎಂ ಅಂದ್ರ ಮಾಸೂರು. ಎ ಅಂದ್ರ ಅಕ್ಕಿಆಲೂರು. ಟಿ ಅಂದ್ರ ತೊಗರಿ. ಎಚ್ ಅಂದ್ರ ಹಾನಗಲ್, ನಿಮ್ಮ ಊರು." ಸ್ಟಾಫ್ ರೂಮಿನಲ್ಲಿ ಕುಳಿತವರಿಗೆ ನಾವು ಯಾವುದೋ ಬಸ್ಸಿನ ಮಾರ್ಗ ಹೇಳಿಕೊಳ್ಳುತ್ತಿದ್ದೇವೆ ಅನ್ನಿಸುತ್ತಿತ್ತು. ಹೆಸರು ಬರೆದುಕೊಂಡ ಮೇಲೆ ಫೋನು ಇಡುವುದಕ್ಕೆ ಮೊದಲು ಎರಡು ಮಾತು ಬೇರೆಯವು ಆಗುತ್ತಿದ್ದವು. ಮಳೆ ಬಂತೇ, ಮಾಸೂರಿನ ಮದಗದ ಕೆರೆ ತುಂಬಿತೇ, ಅವರ ಅವ್ವನ ಮೊಣಕಾಲು ನೋವು ಹೇಗಿದೆ. ನನ್ನ ಗೆಳೆತನಗಳಲ್ಲಿ ಅತಿ ದೊಡ್ಡದು ಬೆಳೆದದ್ದು ಹೀಗೆ, ಒಂದೊಂದು ಪ್ಯಾಕೇಜು ಇಲ್ಲದಾದಾಗ.

ಶಿಗ್ಗಾಂವಿಯ ಕೆಲಸ ಬೇರೆ ತರಹದ್ದು. ಅಲ್ಲಿಯ ಲ್ಯಾಬಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದರು. ಅದರಲ್ಲಿ ಪ್ಯಾಕೇಜು ಸಿದ್ಧವಾಗಿ ಬರುವುದಿಲ್ಲ, ಅದರ ಮೂಲ ಬರಹದಿಂದ ಅಲ್ಲೇ ಕೂತು ಕಟ್ಟಿಕೊಳ್ಳಬೇಕು. ಕುಬಸದ ಸರ್ ಕೂಡ ಬಂದಿದ್ದರು. ನಾನು ಆಜ್ಞೆ ಕೊಟ್ಟೆ. ಪರದೆಯ ಮೇಲೆ ಸಾಲುಗಳು ಓಡಿದವು, ಓಡಿದವು, ಕೊನೆಗೆ ‘ಆಗಲಿಲ್ಲ’ ಎಂಬ ಅರ್ಥದ ಒಂದು ಸಾಲು ಬಿದ್ದು ನಿಂತಿತು. ನಾನು ಆ ಸಾಲನ್ನೇ ಬರೆದುಕೊಂಡು ತಲೆ ಕೆಡಿಸಿಕೊಂಡೆ. ಮತ್ತೆ ಹಾಕಿದೆ, ಮತ್ತೆ ಅದೇ ಸಾಲು. ಮಧ್ಯಾಹ್ನವಾಯಿತು.

ಸರ್ ಹೊರಗೆ ಹೋಗಿ ಗಿರ್ಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬಂದರು. ತಿನ್ನುತ್ತ ಪರದೆ ನೋಡಿದರು. "ಅಲ್ಲ ಮಹಾದೇವಿ, ಮನ್ಯಾಗ ಜಗಳ ಆಗ್ತದ. ಕಡೀಕ ಸೊಸಿ ತವರಿಗೆ ಹೋದ್ಲು. ನೀ ಸೊಸಿ ಹೋದ್ಲು, ಸೊಸಿ ಹೋದ್ಲು ಅಂತ ಬರಕೊಂಡು ಕುಂತಿ. ಜಗಳ ಎಲ್ಲಿ ಸುರು ಆತು, ಅದನ್ನ ನೋಡು."

ಮೇಲಕ್ಕೆ ಹೋದೆ. ಎಷ್ಟೋ ಪರದೆಗಳಷ್ಟು ಮೇಲೆ, ಒಂದು ಸಣ್ಣ ಸಾಲಿನಲ್ಲಿ, ಪ್ಯಾಕೇಜಿನದಲ್ಲ, ಕಂಪ್ಯೂಟರಿನದೇ ಒಂದು ಕಡತ ಸಿಗಲಿಲ್ಲ ಎಂದಿತ್ತು. ಅದು ಸಿಗದ್ದಕ್ಕೆ ಒಂದು ಪ್ಯಾಕೇಜು ನಿಂತಿತ್ತು, ಆ ಒಂದಕ್ಕಾಗಿ ಅದರ ಬೆನ್ನ ಹಿಂದಿನವೆಲ್ಲ ಸಾಲಾಗಿ ನಿಂತಿದ್ದವು. ಅದೊಂದನ್ನು ಹಾಕಿದೆ. ಉಳಿದವು ಒಂದರ ಹಿಂದೆ ಒಂದು ತಾವೇ ಎದ್ದವು. ಸರ್ ಎಣ್ಣೆಗೈಯಲ್ಲೇ ಚಪ್ಪಾಳೆ ತಟ್ಟಿದರು. ಬೈಗುಳ ಮಾತ್ರ ಶಿಗ್ಗಾಂವಿಯಿಂದ ಹಾನಗಲ್ಲಿನ ತನಕ ನಡೆಯಿತು.

ಸವಣೂರಿನ ಇನಾಮದಾರ ಸರ್ ಅವರ ಪ್ರಕರಣವನ್ನೂ ಹೇಳಬೇಕು. ಅವರು ಅರ್ಥಶಾಸ್ತ್ರದವರು. ವೀಳ್ಯದ ಎಲೆತೋಟದವರ ಸಮೀಕ್ಷೆ ಮಾಡಿ ಅಂಕಿ ಕೂಡಿಸಿಟ್ಟಿದ್ದರು. ಅವರ ಕಂಪ್ಯೂಟರಿನಲ್ಲಿ ಯಾವ ಪ್ಯಾಕೇಜೂ ಒಳಗೆ ಕೂರುತ್ತಿರಲಿಲ್ಲ. ಅದೇ ಕೋಣೆಯ ಪಕ್ಕದ ಕಂಪ್ಯೂಟರಿನಲ್ಲಿ ಅದೇ ಪ್ಯಾಕೇಜು ಸರಾಗ. ನೋಡಿ ನೋಡಿ ಸಾಕಾಗಿ, ಪ್ಯಾಕೇಜು ಎಲ್ಲಿ ಹೋಗಿ ಕೂರಲು ನೋಡುತ್ತದೆ ಎಂದು ಅದರ ದಾರಿಯ ಸಾಲು ಓದಿದೆ. ನಡುವೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಇನಾಮದಾರ ಸರ್ ಕಂಪ್ಯೂಟರಿನಲ್ಲಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದಿದ್ದರು. ಅವರ ಹೆಸರಿನ ಕಪಾಟಿನೊಳಗೇ, ಅಂದರೆ ಫೋಲ್ಡರಿನೊಳಗೇ, ಪ್ಯಾಕೇಜು ಕೂರಬೇಕು. ಆಗಿನ ಆರ್‌ಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ.

"ಸರ್, ಹೆಸರು ಇಂಗ್ಲಿಷಿನ್ಯಾಗ ಮಾಡಬೇಕಾಗ್ತದ್ರಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನನ್ನ ಹೆಸರು ನನ್ನ ಭಾಷಾದಾಗ ಬರದ್ರ ನಿಮ್ಮ ಮಷೀನಿಗೇನು ತ್ರಾಸ್ರಿ ಬಾಯಾರ?"

ಸಿಟ್ಟಿರಲಿಲ್ಲ, ನೋವಿತ್ತು. ನನಗೆ ಹೆಸರು ಬದಲಿಸಲು ಕೈ ಏಳಲಿಲ್ಲ. ಅಂದು ಹಾಗೇ ಬಂದೆ. ಮರುಸಲ ಹೋಗಿ ಬೇರೆ ಡ್ರೈವಿನಲ್ಲಿ ಒಂದು ಖಾಲಿ ಕಪಾಟು ಮಾಡಿ, ಇನ್ನು ಮೇಲೆ ಪ್ಯಾಕೇಜುಗಳನ್ನೆಲ್ಲ ಅಲ್ಲಿಯೇ ಇಡು, ಅಲ್ಲಿಯೇ ಹುಡುಕು ಎಂದು ಆರ್‌ಗೆ ಕಟ್ಟಪ್ಪಣೆ ಮಾಡಿದೆ. ಅವರ ಹೆಸರು ಇದ್ದಲ್ಲೇ ಇದ್ದಿತು. ಪ್ಯಾಕೇಜು ಕೂತಿತು. "ಅಂದ್ರ ನಾ ಮನ್ಯಾಗ, ಅವು ಹಿತ್ತಲದಾಗ. ಆಗ್ಲಿ ಬಿಡ್ರಿ," ಅಂದು ಇನಾಮದಾರ ಸರ್ ತೋಟದ ಎಳೆ ಎಲೆಯ ಒಂದು ಕಟ್ಟು ಕೊಟ್ಟರು. ಬಾಳೆಯ ನಾರಿನಿಂದ ಕಟ್ಟಿದ್ದು.

ಇಂಥ ತಿರುಗಾಟದಲ್ಲೇ ಕುಬಸದ ಸರ್ ತಮ್ಮದೇ ಒಂದು ಪ್ಯಾಕೇಜು ಬರೆದರು. ಅದರ ಹೆಸರು ‘ಕಣ’, ಸುಗ್ಗಿಯಲ್ಲಿ ಒಕ್ಕಣೆ ಮಾಡುವ ಕಣ. ಪುಸ್ತಕದ ಉದಾಹರಣೆಗಳಲ್ಲಿ ಯಾವುದೋ ದೇಶದ ಹೂವು, ಯಾವುದೋ ದೇಶದ ಕಾರು. ನಮ್ಮ ವಿದ್ಯಾರ್ಥಿಗಳಿಗೆ ಅವು ತಲೆಗೆ ಹತ್ತುತ್ತಿರಲಿಲ್ಲ. ಸರ್ ಗಿರಿಜಾ ಮೇಡಂ ಕೂಡಿಸಿದ್ದ ಭತ್ತದ ಅಂಕಿಗಳನ್ನೇ ಒಳಗೆ ಹಾಕಿದರು. ಅಂಕಿಗಳಲ್ಲಿ ಹೊಂದದ ಜೊಳ್ಳನ್ನು ಹೊರಹಾಕುವ ಆಜ್ಞೆಗೆ ‘ತೂರು’ ಎಂದೂ ಉಳಿದದ್ದನ್ನು ಚಿತ್ರ ಮಾಡಿ ತೋರಿಸುವುದಕ್ಕೆ ‘ರಾಶಿ’ ಎಂದೂ ಹೆಸರಿಟ್ಟರು. ಕಣವನ್ನು ತೆರೆದೊಡನೆ ಮೇಲೆ, ಮನೆಗೆ ಬಂದವರಿಗೆ ಅನ್ನುವ ಹಾಗೆ, ಒಂದು ಸಾಲು ಬರುತ್ತಿತ್ತು, ‘ಬರ್ರಿ, ಕುಂದರ್ರಿ’. ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡ ಅಕ್ಷರ ಹಾಕಿದರೆ ಪರದೆಯ ಮೇಲೆ ಬರೀ ಸಂಕೇತಗಳ ಗೊಂಚಲು ಬೀಳುತ್ತಿತ್ತು. ಅದನ್ನು ಸರಿಪಡಿಸಲು ಸರ್ ಬಹಳ ಹೆಣಗಿದರು. ಆಗಲಿಲ್ಲ. ನಾಲ್ಕೂ ಊರಿನ ಲ್ಯಾಬುಗಳಿಗೆ ಕಣವನ್ನು ನಾನೇ ಒಯ್ದು ಹಾಕಿದೆ. ಮೊದಲ ದಿನ ಹಿರೇಕೆರೂರಿನ ವಿದ್ಯಾರ್ಥಿನಿಯರು ಆ ಸಾಲು ಓದಿ ಬಾಯಿಗೆ ಸೆರಗು ಹಚ್ಚಿ ನಕ್ಕಿದ್ದು ನೆನಪಿದೆ. ಲೆಕ್ಕದ ಅಂಜಿಕೆ ಅವರಿಗೆ ಅಲ್ಲೇ ಅರ್ಧ ಹೋಯಿತು.

ಸರ್ ನಿವೃತ್ತರಾದರು. ಕೆಲ ವರ್ಷಗಳಲ್ಲಿ ತೀರಿಕೊಂಡರು. ನಾನೂ ಗಿರಿಜಾ ಮೇಡಂ ಅವರೂ ಮಣ್ಣಿಗೆ ಹೋಗಿ ಬಂದೆವು.

ನನ್ನ ನೌಕರಿಯ ಕೊನೆಯ ವರ್ಷ ಎಲ್ಲಾ ಕಾಲೇಜುಗಳಿಗೂ ಹೊಸ ಕಂಪ್ಯೂಟರು ಬಂದವು, ಹೊಸ ಆರ್ ಬಂತು. ಒಂದು ಮುಂಜಾನೆ ಗಿರಿಜಾ ಮೇಡಂ ಫೋನು ಮಾಡಿದರು.

"ಅಕ್ಕಾ, ಕಣ ಏಳವಲ್ದು."

"ಏನು ಇಲ್ಲ ಅನ್ನಾಕತ್ತೈತ್ರಿ?"

ಅಕ್ಷರ ಅಕ್ಷರವಾಗಿ ಓದಿದರು. ಸರ್ ಕಣದ ಆಸರೆಗೆ ಇಟ್ಟುಕೊಂಡಿದ್ದ ಒಂದು ಪ್ಯಾಕೇಜು ಅದು. ಹುಡುಕಿದೆ. ಅದನ್ನು ಬರೆದವರು ನೋಡಿಕೊಳ್ಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಕಳಿಸಿದ ಪತ್ರಗಳಿಗೆ ಅವರಿಂದ ಉತ್ತರವಿಲ್ಲವೆಂದು ಪ್ಯಾಕೇಜುಗಳ ಉಗ್ರಾಣ ನಡೆಸುವವರು ಅದನ್ನು ಪಟ್ಟಿಯಿಂದ ತೆಗೆದುಹಾಕಿದ್ದರು. ಇದನ್ನು ಹೇಳಿದಾಗ ಗಿರಿಜಾ ಮೇಡಂ, "ಅವರೂ ನಮ್ಮ ಸರ್ ಹಂಗ ಆಗಿರಬಹುದೇನ್ರಿ ಅಕ್ಕಾ?" ಅಂದರು. ನನಗೆ ಆ ಯೋಚನೆ ಬಂದಿರಲಿಲ್ಲ. ಎಲ್ಲಿಯವರೋ, ಗಂಡಸೋ ಹೆಂಗಸೋ, ಅವರಿಗಾಗಿಯೂ ಜೀವ ಮರುಗಿತು.

ಕಣದಲ್ಲೇ ನಡೆಯುವ ಪ್ರಾಯೋಗಿಕ ಪರೀಕ್ಷೆ ಹತ್ತಿರದಲ್ಲಿತ್ತು. ಹಿರೇಕೆರೂರಿಗೆ ಹೊಸದಾಗಿ ಬಂದ ಪ್ರಾಚಾರ್ಯರು ಕೆಟ್ಟವರಲ್ಲ, ನೇರ ಮನುಷ್ಯ. "ಹಳೇದನ್ನ ಎಷ್ಟು ದಿವ್ಸ ಹೊತ್ಕೊಂಡು ತಿರಗತೀರಿ ಮೇಡಂ? ಈ ವಾರ ಎದ್ರ ಛಲೋ. ಇಲ್ಲಂದ್ರ ಪರೀಕ್ಷಾದಾಗಿಂದ ಕಣ ತಗದು ಬ್ಯಾರೆದು ಇಡೋಣ," ಅಂದರಂತೆ. ಒಮ್ಮೆ ತೆಗೆದರೆ ಮತ್ತೆ ಯಾರೂ ಅದನ್ನು ಒಳಗೆ ತರುವುದಿಲ್ಲ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಸರ್ ಬಿಟ್ಟುಹೋದದ್ದು ಅದೊಂದೇ.

ನಾನು ಹಿರೇಕೆರೂರಿಗೆ ಹೋದೆ. ತೆಗೆದುಹಾಕಿದ ಪ್ಯಾಕೇಜುಗಳ ಹಳೆಯ ಪ್ರತಿ ಉಗ್ರಾಣದಲ್ಲಿ ಉಳಿದಿರುತ್ತದೆ. ಅದನ್ನು ತಂದು ಕಟ್ಟಲು ನೋಡಿದೆ. ಅದು ಇನ್ನೊಂದರ ಹಳೆಯ ಪ್ರತಿ ಕೇಳಿತು, ಅದು ಮತ್ತೊಂದರದು. ಹೇಗೋ ಎಲ್ಲಾ ಹೊಂದಿಸಿದೆ ಅನ್ನುವಷ್ಟರಲ್ಲಿ, ನೆಟ್ಟಗಿದ್ದ ಬೇರೆ ಪ್ಯಾಕೇಜುಗಳು ನಿಂತುಹೋದವು. ಹಳೆಯದೂ ಹೊಸದೂ ಒಂದೇ ಮನೆಯಲ್ಲಿ ಇರಲೊಲ್ಲವು. ಹಾಕಿದ್ದನ್ನೆಲ್ಲ ತೆಗೆದು ಕೈಚೆಲ್ಲಿ ಕುಳಿತೆ.

ಗಿರಿಜಾ ಮೇಡಂ ಅಷ್ಟು ಹೊತ್ತೂ ಪಕ್ಕದ ಕಂಪ್ಯೂಟರಿನಲ್ಲಿ ಸರ್ ಬರೆದ ಸಾಲುಗಳನ್ನು ಮೊದಲಿನಿಂದ ಓದುತ್ತಿದ್ದರು. "ಅಕ್ಕಾ, ಇಲ್ಲಿ ಬರ್ರಿ," ಅಂದರು. "ಇಡೀ ಕಣದಾಗ ಆ ಪ್ಯಾಕೇಜ್ ಬೇಕಾಗಿದ್ದು ಒಂದ ಕಡೆ. ರಾಶಿಯ ಚಿತ್ರ ತಗ್ಯಾಕ. ಅಷ್ಟ."

"ಅಷ್ಟಕ್ಕ ಇಷ್ಟೆಲ್ಲ ಹೊರಬೇಕೇನ್ರಿ? ಚಿತ್ರ ತಗಿಯೂದು ನಿಮಗ ಬರ್ತದಲ್ರಿ."

"ಬರ್ತದ. ಆದ್ರ ಸರ್ ಬರದದ್ದಕ್ಕ ಕೈ ಹಚ್ಚಬೇಕಾಗ್ತದ." ಅವರ ಬೆರಳು ಕೀಲಿಮಣೆಯ ಮೇಲೇ ಇತ್ತು, ಒತ್ತಲಿಲ್ಲ. "ಇರೂತನಕ ಅವರ ಬರವಣಿಗಿಯೊಳಗ ಒಂದು ಚುಕ್ಕಿ ತಿದ್ದಾಕ ಬಿಟ್ಟಿಲ್ರಿ ಅವರು."

"ಅವರು ಇದ್ದಿದ್ರ ಇಷ್ಟೊತ್ತಿಗೆ ನಮ್ಮಿಬ್ರನ್ನೂ ಬೈದು ಚಾ ತರಿಸ್ತಿದ್ರು ಮೇಡಂ," ಅಂದೆ. ಇಬ್ಬರಿಗೂ ನಗು ಬಂತು, ಜೊತೆಗೇ ಕಣ್ಣೀರೂ. ಆಮೇಲೆ ಮೇಡಂ ಬರೆದರು. ಆರ್‌ನಲ್ಲಿ ಮೊದಲೇ ಇರುವ ಸಾಮಾನಿನಿಂದಲೇ ರಾಶಿಯ ಚಿತ್ರ ತೆಗೆಯುವಂತೆ ಮಾಡಿದರು. ನಾನು ಆಸರೆಯ ಪಟ್ಟಿಯಿಂದ ಆ ಹೆಸರು ತೆಗೆದು ಕಣವನ್ನು ಮತ್ತೆ ಕಟ್ಟಿದೆ. ಎರಡು ಸಲ ತಪ್ಪಿತು. ಆಮೇಲೆ ಎದ್ದಿತು.

ತೆರೆದೊಡನೆ ಸರ್ ಅವರ ಸಾಲು ಬಂತು, ಇಂಗ್ಲಿಷ್ ಅಕ್ಷರದಲ್ಲಿ. ಗಿರಿಜಾ ಮೇಡಂ ಅದನ್ನೇ ನೋಡುತ್ತ, "ಹೊಸಾ ಆರ್‌ನ್ಯಾಗ ಕನ್ನಡ ಮೂಡ್ತದಂತಲ್ರಿ ಅಕ್ಕಾ?" ಅಂದರು. ಮೂಡುತ್ತದೆ ಎಂದು ಕೇಳಿದ್ದೆ, ಮಾಡಿ ನೋಡಿರಲಿಲ್ಲ. ಅವರು ತಿದ್ದಿದರು. ಮತ್ತೆ ಕಟ್ಟಿ, ಮತ್ತೆ ತೆರೆದೆವು.

ಬರ್ರಿ, ಕುಂದರ್ರಿ.

ಅಕ್ಷರಗಳು ದುಂಡಗೆ, ಒತ್ತಕ್ಷರ ಸಮೇತ. ಸರ್ ಅಷ್ಟು ಹೆಣಗಿದ್ದು ಇದಕ್ಕೇ. ನೋಡಲು ಅವರಿರಲಿಲ್ಲ.

ಪ್ರತಿ ಪ್ಯಾಕೇಜಿಗೂ ಬರೆದವರು ಯಾರು, ಈಗ ನೋಡಿಕೊಳ್ಳುವವರು ಯಾರು ಎಂದು ಎರಡು ಹೆಸರು ಹಾಕಬೇಕು. ಬರೆದವರ ಹೆಸರು ಹಾಗೇ ಇಟ್ಟೆವು. ಎರಡನೆಯದಕ್ಕೆ ಮೇಡಂ ನನ್ನ ಹೆಸರು ಹಾಕಲು ಹೋದರು. "ಬ್ಯಾಡ್ರಿ, ನಾ ಇನ್ನ ಹೊಂಟಾಕಿ. ನಿಮ್ಮದ ಹಾಕ್ರಿ," ಅಂದೆ. ಹಾಕಿಕೊಂಡರು. ಪರೀಕ್ಷೆ ಕಣದಲ್ಲೇ ನಡೆಯಿತು. ಈಗಲೂ ನಡೆಯುತ್ತದೆ.

ನಾನು ನಿವೃತ್ತಳಾದೆ. ಮೊದಲ ಕೆಲವು ತಿಂಗಳು ಬಿಡುವು ಅಂದರೆ ಹಬ್ಬ ಅನ್ನಿಸಿತು. ಆಮೇಲೆ ಫೋನು ನೋಡಿಕೊಂಡು ಕೂಡುವುದು ಸುರುವಾಯಿತು. ಈಗಿನ ಆರ್ ಒಂದು ಕೇಳಿದರೆ ಅದಕ್ಕೆ ಬೇಕಾದ ಹತ್ತನ್ನು ತಾನೇ ತಂದು ಜೋಡಿಸುತ್ತದೆ. ಏನಾದರೂ ತಪ್ಪಿದರೂ ಹುಡುಗರು ಆ ಸಾಲನ್ನು ಎತ್ತಿ ಇನ್ನೊಂದು ಕಂಪ್ಯೂಟರಿಗೇ ಕೇಳುತ್ತಾರೆ, ಅದು ಅರೆಗಳಿಗೆಯಲ್ಲಿ ದಾರಿ ಹೇಳುತ್ತದೆ. ಒಳ್ಳೆಯದೇ ಆಯಿತು. ಕೋಳಿಯ ಪಕ್ಕ ನಿಂತು ಚಿಕ್ಕೇರೂರಿನ ತನಕ ಹೋಗುವ ಪಾಡು ಸವಿತಾಳಿಗೆ ಬಾರದಿರಲಿ. ಆದರೂ ಹೊತ್ತು ಏರಿ ಹನ್ನೊಂದರ ಸುಮಾರಿಗೆ, ಕಾಲೇಜಿನಲ್ಲಿ ಮೊದಲ ಪ್ರಾಕ್ಟಿಕಲ್ಲು ಸುರುವಾಗುವ ವೇಳೆಗೆ, ಕೈಯೊಳಗಿನ ಕೆಲಸ ನಿಂತುಬಿಡುತ್ತಿತ್ತು. ಯಾರೋ ಎಂ ಅಂದರೆ ಮಾಸೂರು ಎಂದು ಹೇಳಲಿದ್ದಾರೆ, ನಾನು ಬರೆದುಕೊಳ್ಳಬೇಕು ಅನ್ನಿಸುತ್ತಿತ್ತು. ನಾನಾಗಿ ಫೋನು ಮಾಡಬಹುದಿತ್ತು. ಮಾಡಿ ಏನೆಂದು ಕೇಳುವುದು? ಇಷ್ಟು ವರ್ಷ ನಮ್ಮಿಬ್ಬರ ನಡುವೆ ಏನಾದರೊಂದು ಕೆಟ್ಟಿರುತ್ತಿತ್ತು. ಕೆಡದೆ ಮಾತಾಡಿದ ರೂಢಿ ನಮಗಿರಲಿಲ್ಲ.

ಮೊನ್ನೆ ಗಿರಿಜಾ ಮೇಡಂ ಅವರೇ ಮಾಡಿದರು. ಹೆಸರು ನೋಡಿ ಕಾಗದ, ಪೆನ್ನು ಹತ್ತಿರ ಎಳೆದುಕೊಂಡೆ. ಎತ್ತಿದೊಡನೆ ಬಾಯಿಂದ ಅದೇ ಮಾತು ಬಂತು.

"ಹೇಳ್ರಿ ಮೇಡಂ, ಯಾವುದು ಬರವಲ್ದು?"

"ಎಲ್ಲಾ ಬಂದಾವ್ರಿ ಅಕ್ಕಾ. ನೀವೊಬ್ರು ಬರವಲ್ರಿ."

ನಾನು ಪೆನ್ನು ಕೆಳಗಿಟ್ಟೆ.

"ಏನರೆ ಕೆಟ್ರ ಅಷ್ಟ ಹಿರೇಕೆರೂರಿಗೆ ಬರೂದಂತ ಐತೇನ್ರಿ?"

ಮರುದಿನ ಹೋದೆ. ಮೇಡಂ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು, ತಲೆ ನನ್ನಷ್ಟೇ ಬೆಳ್ಳಗಾಗಿತ್ತು. ಕಾಲೇಜಿನ ಕಡೆ ಹೋಗಲಿಲ್ಲ. ಮಾಸೂರಿಗೆ ಹೋಗಿ ಅವರ ಅವ್ವನನ್ನು ಮೊದಲ ಸಲ ನೋಡಿದೆ. ಎಷ್ಟೋ ವರ್ಷ ಫೋನಿನಲ್ಲಿ ಆಕೆಯ ಮೊಣಕಾಲಿನ ಸುದ್ದಿ ಕೇಳಿದ್ದೆ, ಮುಖ ನೋಡಿರಲಿಲ್ಲ. ಉಂಡು ಕೆರೆಯ ಏರಿಯ ಮೇಲೆ ಕುಳಿತೆವು. ಕೆಳಗೆ ಗದ್ದೆಯಲ್ಲಿ ಹೆಂಗಸರು ನಾಟಿ ಮಾಡುತ್ತಿದ್ದರು. ಆಮೇಲೆ ಮೇಡಂ ಸರ್ ಅವರ ಬೈಗುಳವೊಂದನ್ನು ಥೇಟ್ ಅವರ ದನಿಯಲ್ಲೇ ಅಂದು ತೋರಿಸಿದರು. ಅಲ್ಲಿಂದ ಮಾತು ಸುರುವಾದದ್ದು ಬಿಸಿಲು ಇಳಿಯುವ ತನಕ ನಿಲ್ಲಲಿಲ್ಲ.

ಬಸ್ಸು ಹತ್ತಿಸಲು ಬಂದಾಗ ಕಿಟಕಿಯ ಕಂಬಿ ಹಿಡಿದು ನಿಂತು ಕೇಳಿದರು, "ಮುಂದಿನ ವಾರ ಏನರೆ ಕೆಡಿಸಿ ಇಡ್ಲೇನ್ರಿ ಅಕ್ಕಾ?"

"ಬ್ಯಾಡ್ರಿ," ಅಂದೆ. "ಹಂಗ ಬರ್ತೇನಿ."